ಪ್ರವೇಶ ಕಚೇರಿಯ ‘ಒಳಗಿನ ಗುಟ್ಟು’ಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ನಾನು ದಾವಣಗೆರೆಯವನು. ಮಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದಾಳೆ. ಪದವಿಗೆ ಅಮೆರಿಕಕ್ಕೆ ಹೋಗುವ ಆಸೆ ಇಟ್ಟುಕೊಂಡಿದ್ದಾಳೆ. ಹಣಕಾಸಿನ ನೆರವು ಸಿಗದಿದ್ದರೆ ನಮ್ಮಿಂದ ಆಗದು. ಕಳೆದ ತಿಂಗಳು ಬೆಂಗಳೂರಿನ ಒಂದು ಸಲಹಾ ಸಂಸ್ಥೆಯವರು ಏರ್ಪಡಿಸಿದ್ದ ಆನ್‌ಲೈನ್ ಸಭೆಯಲ್ಲಿ, ಅಲ್ಲಿನ ದೊಡ್ಡ ವಿಶ್ವವಿದ್ಯಾಲಯವೊಂದರ ಪ್ರವೇಶ ಕಚೇರಿಯಲ್ಲಿ ಕೆಲಸ ಮಾಡಿದ್ದವರು ಮಾತನಾಡಿದರು. ಪ್ರತಿ ಅರ್ಜಿಯನ್ನು ನಾಲ್ಕೇ ನಿಮಿಷ ನೋಡುತ್ತಾರೆ, ಒಂದು ಶಾಲೆಯಿಂದ ಇಷ್ಟೇ ಜನ ಎಂಬ ಲೆಕ್ಕವಿರುತ್ತದೆ, ಭಾರತದಿಂದ ಕಂಪ್ಯೂಟರ್ ಸೈನ್ಸ್ ಕೇಳಿದವರನ್ನು ಮೊದಲೇ ಬದಿಗಿಡುತ್ತಾರೆ, ಆದ್ದರಿಂದ ಬೇರೆ ವಿಷಯಕ್ಕೆ ಅರ್ಜಿ ಹಾಕಿ ಆಮೇಲೆ ಬದಲಿಸಿಕೊಳ್ಳಬೇಕು, ಒಂದು ಸೇವಾ ಸಂಸ್ಥೆ ಕಟ್ಟಿದ್ದರೆ ಅಥವಾ ಸಂಶೋಧನಾ ಲೇಖನ ಪ್ರಕಟಿಸಿದ್ದರೆ ಮಾತ್ರ ಅವಕಾಶ ಎಂದೆಲ್ಲ ಹೇಳಿದರು. ಅವರ ಮಾರ್ಗದರ್ಶನಕ್ಕೆ ಶುಲ್ಕ ಆರು ಲಕ್ಷ ರೂಪಾಯಿ. ಒಳಗಿದ್ದವರೇ ಹೇಳುತ್ತಿರುವಾಗ ನಂಬದಿರುವುದು ಹೇಗೆ?

ಉತ್ತರ: ಆ ವ್ಯಕ್ತಿ ಸುಳ್ಳು ಹೇಳಿದ್ದಾರೆಂದು ಹೇಳಲು ನನ್ನ ಬಳಿ ಯಾವ ಆಧಾರವೂ ಇಲ್ಲ, ಅವರು ತಾವು ಕಂಡದ್ದನ್ನು ಕಂಡಂತೆಯೇ ಹೇಳಿರಬಹುದು. ನನ್ನ ಸಂಶಯ ಬೇರೆ ಕಡೆಗಿದೆ. ಪ್ರವೇಶ ಕಚೇರಿಯಲ್ಲಿ ಕೂತವರಿಗೆ ಅರ್ಜಿ ಕಾಣುತ್ತದೆ, ಅದರ ಮೇಲೆ ಆದ ತೀರ್ಮಾನವೂ ಕಾಣುತ್ತದೆ. ಯಾವ ಅಂಶ ಆ ತೀರ್ಮಾನವನ್ನು ತಂದಿತು, ಆ ಅಂಶ ಇಲ್ಲದಿದ್ದರೆ ಅದೇ ಹುಡುಗಿಗೆ ಏನಾಗುತ್ತಿತ್ತು ಎಂಬುದು ಅವರಿಗೂ ಕಾಣುವುದಿಲ್ಲ. ಆದರೆ ನಿಮಗೆ ಮಾರಲಾಗುತ್ತಿರುವುದು ಈ ಎರಡನೆಯ ತಿಳಿವಳಿಕೆಯೇ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆರು ಲಕ್ಷ ರೂಪಾಯಿಗಿಂತಲೂ ದೊಡ್ಡ ನಷ್ಟ ನಿಮ್ಮ ಮಗಳಿಗೆ ಆಗಬಹುದಾದ ಸಲಹೆಯೊಂದು ಆ ಪಟ್ಟಿಯಲ್ಲಿದೆ.

ನಮ್ಮ ಕುಟುಂಬಗಳು ಇಂಥ ಮಾತಿಗೆ ಬೇಗ ಒಲಿಯುವುದಕ್ಕೆ ಒಂದು ಕಾರಣವಿದೆ. ಸಿಇಟಿ ಪದ್ಧತಿಯಲ್ಲಿ ಪಿಯುಸಿ ಅಂಕ ಎಷ್ಟು, ಸಿಇಟಿ ಅಂಕ ಎಷ್ಟು, ರ‍್ಯಾಂಕ್ ಎಷ್ಟು ಎಂಬುದು ನಮ್ಮ ಕೈಯಲ್ಲಿರುತ್ತದೆ. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಬ್ರ್ಯಾಂಚ್ ಯಾವ ಪ್ರವರ್ಗಕ್ಕೆ ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬುದನ್ನು ಪರೀಕ್ಷಾ ಪ್ರಾಧಿಕಾರವೇ ಪ್ರಕಟಿಸುತ್ತದೆ. ಸೀಟು ಸಿಗಲಿಲ್ಲವೆಂದರೆ ಏಕೆ ಸಿಗಲಿಲ್ಲ ಎಂಬುದು ಮನೆಯವರೆಲ್ಲರಿಗೂ ಗೊತ್ತಾಗುತ್ತದೆ. ಅಮೆರಿಕದ ಪ್ರತಿಷ್ಠಿತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ರ‍್ಯಾಂಕ್ ಪಟ್ಟಿಯೂ ಇಲ್ಲ, ಕಟ್‌ಆಫ್ ಕೂಡ ಇಲ್ಲ. ಸೀಟು ಸಿಗದವರಿಗೆ ಕಾರಣ ತಿಳಿಸುವ ಪದ್ಧತಿಯೂ ಇಲ್ಲ. ಕಾರಣ ಸಿಗದ ಕಡೆ ಕಾರಣ ಹೇಳುವವರಿಗೆ ಬೆಲೆ ಬರುತ್ತದೆ.

ಹಾಗೆಂದು ಅಲ್ಲಿನ ಆಯ್ಕೆಯ ಬಗ್ಗೆ ನಮಗೆ ಏನೂ ತಿಳಿಯದು ಎಂದೇನಲ್ಲ. ಒಂದು ವಿಶ್ವವಿದ್ಯಾಲಯದ ಪ್ರವೇಶ ಕಚೇರಿಯನ್ನು ನ್ಯಾಯಾಲಯವೇ ಬಿಚ್ಚಿ ನೋಡಿದೆ. ಏಷ್ಯನ್ ಮೂಲದ ಅರ್ಜಿದಾರರಿಗೆ ಅನ್ಯಾಯವಾಗುತ್ತಿದೆ ಎಂದು ಹಾರ್ವರ್ಡ್ ವಿರುದ್ಧ 2014ರ ನವೆಂಬರಿನಲ್ಲಿ ಹೂಡಿದ ಮೊಕದ್ದಮೆಯ ವಿಚಾರಣೆ 2018ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ನಡೆಯಿತು. ಪ್ರವೇಶ ಕಚೇರಿಯ ಡೀನ್‌ ಪ್ರಮಾಣ ಮಾಡಿ ಸಾಕ್ಷ್ಯ ನುಡಿದರು. ಆರು ವರ್ಷಗಳ ಅರ್ಜಿಗಳ ದತ್ತಾಂಶ ಎರಡೂ ಪಕ್ಷಗಳ ಕೈಗೆ ಬಂತು. ಅಲ್ಲಿ ಹೊರಬಿದ್ದ ಕ್ರಮ ಹೀಗಿದೆ: ಮೊದಲ ಓದುಗರು ಅರ್ಜಿಯನ್ನು ಓದಿ ವ್ಯಾಸಂಗ, ಪಠ್ಯೇತರ ಚಟುವಟಿಕೆ, ಕ್ರೀಡೆ, ಶಾಲೆಯ ಶಿಫಾರಸು, ವ್ಯಕ್ತಿತ್ವ ಮತ್ತು ಒಟ್ಟಾರೆ ಎಂಬ ಆರು ಬಾಬುಗಳಲ್ಲಿ 1ರಿಂದ 6ರವರೆಗೆ ಅಂಕ ಕೊಡುತ್ತಾರೆ, 1 ಎಂದರೆ ಅತ್ಯುತ್ತಮ. ಅನಂತರ ಪ್ರದೇಶವಾರು ಉಪಸಮಿತಿ, ಅದಾದ ಮೇಲೆ ಸುಮಾರು ನಲವತ್ತು ಜನರ ಪೂರ್ಣ ಸಮಿತಿ. ಅಲ್ಲಿ ಬಹುಮತ ಸಿಕ್ಕವರು ಪಟ್ಟಿಗೆ ಸೇರುತ್ತಾರೆ. ಕೊನೆಯಲ್ಲಿ ಪಟ್ಟಿ ಉದ್ದವಾಯಿತೆಂದು ಕೆಲವರನ್ನು ಕೈಬಿಡುವ ಹಂತವೊಂದಿತ್ತು. ಆ ಹಂತದಲ್ಲಿ ಸಮಿತಿಯ ಮುಂದಿರುತ್ತಿದ್ದ ಹಾಳೆಯಲ್ಲಿ ಒಬ್ಬೊಬ್ಬರ ಬಗ್ಗೆ ನಾಲ್ಕೇ ಮಾಹಿತಿ ಇರುತ್ತಿದ್ದವು: ತಂದೆತಾಯಿ ಅಲ್ಲಿಯೇ ಓದಿದವರೇ, ಕ್ರೀಡಾ ತರಬೇತುದಾರರು ಆರಿಸಿಕೊಂಡವರೇ, ಹಣಕಾಸಿನ ನೆರವಿಗೆ ಅರ್ಹರೇ, ಯಾವ ಜನಾಂಗದವರು.

ಇಷ್ಟು ಹತ್ತಿರದಿಂದ ನೋಡಲು ಸಿಕ್ಕಿದ್ದು ಆ ಮೊಕದ್ದಮೆಯ ದೆಸೆಯಿಂದ. ಆದರೆ ನಿಮ್ಮ ಪ್ರಶ್ನೆಗೆ ಅದಕ್ಕಿಂತ ಮುಖ್ಯವಾದುದು ಅದರ ನಂತರ ಆದದ್ದು. ಒಂದೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳ ವಿವರವನ್ನು ಇಬ್ಬರು ನುರಿತ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. ಡ್ಯೂಕ್ ವಿಶ್ವವಿದ್ಯಾಲಯದ ಪೀಟರ್ ಆರ್ಸಿಡಿಯಾಕೊನೊ ಫಿರ್ಯಾದಿಗಳ ಪರ ನಿಂತು, ಏಷ್ಯನ್ ಮೂಲದವರಿಗೆ ಹಿನ್ನಡೆಯಾಗಿರುವುದು ಅಂಕಿಅಂಶಗಳಿಂದ ಸ್ಪಷ್ಟ ಎಂದರು. ಬರ್ಕ್‌ಲಿಯ ಡೇವಿಡ್ ಕಾರ್ಡ್, 2021ರಲ್ಲಿ ನೊಬೆಲ್ ಪಡೆದವರು, ಹಾರ್ವರ್ಡ್ ಪರ ನಿಂತು, ಅಂಥ ಪರಿಣಾಮ ಸಾಬೀತಾಗುವುದಿಲ್ಲ ಎಂದರು. ದತ್ತಾಂಶ ಒಂದೇ. ವ್ಯತ್ಯಾಸ ಬಂದದ್ದು ಲೆಕ್ಕದಲ್ಲಿ ಯಾರನ್ನು ಸೇರಿಸಬೇಕು, ಯಾವ ಅಂಕಣವನ್ನು ಇಟ್ಟುಕೊಳ್ಳಬೇಕು ಎಂಬಲ್ಲಿ. ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಡೀನ್ ಅವರ ವಿಶೇಷ ಪಟ್ಟಿಯಲ್ಲಿರುವವರು (ದೇಣಿಗೆದಾರರ ಸಂಬಂಧಿಗಳಂಥವರು), ಅಧ್ಯಾಪಕರು ಮತ್ತು ಸಿಬ್ಬಂದಿಯ ಮಕ್ಕಳು ಇವರನ್ನು ಆರ್ಸಿಡಿಯಾಕೊನೊ ಹೊರಗಿಟ್ಟರು, ಕಾರ್ಡ್ ಸೇರಿಸಿಕೊಂಡರು. ವ್ಯಕ್ತಿತ್ವದ ಅಂಕವನ್ನು ಕಾರ್ಡ್ ಲೆಕ್ಕಕ್ಕೆ ತೆಗೆದುಕೊಂಡರು. ಆರ್ಸಿಡಿಯಾಕೊನೊ, ಆ ಅಂಕದಲ್ಲೇ ಪಕ್ಷಪಾತ ಸೇರಿಕೊಂಡಿದ್ದರೆ ಅದನ್ನು ಲೆಕ್ಕದೊಳಗೆ ಇಡುವುದೆಂದರೆ ಪಕ್ಷಪಾತವನ್ನೇ ಮುಚ್ಚಿದಂತೆ ಎಂದು ವಾದಿಸಿದರು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಅರ್ಜಿದಾರರನ್ನು ಎದುರು ಕೂರಿಸಿಕೊಂಡು ಮಾತನಾಡಿಸಿದ ಹಳೆಯ ವಿದ್ಯಾರ್ಥಿಗಳು ಏಷ್ಯನ್ ಮೂಲದವರಿಗೆ ಬಿಳಿಯರಷ್ಟೇ ಒಳ್ಳೆಯ ವ್ಯಕ್ತಿತ್ವದ ಅಂಕ ಕೊಟ್ಟಿದ್ದರೆ, ಅವರಲ್ಲಿ ಬಹುತೇಕರನ್ನು ನೋಡಿಯೇ ಇರದ ಕಚೇರಿಯವರು ಕಡಿಮೆ ಕೊಟ್ಟಿದ್ದರು. ಇಷ್ಟಾದರೂ 2019ರಲ್ಲಿ ನ್ಯಾಯಾಧೀಶೆ ಆಲಿಸನ್ ಬರೋಸ್ ಉದ್ದೇಶಪೂರ್ವಕ ತಾರತಮ್ಯ ಸಾಬೀತಾಗಿಲ್ಲವೆಂದು ತೀರ್ಪಿತ್ತರು. ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಅದನ್ನು ತಿರುವಿಹಾಕಿ, ಆಯ್ಕೆಯಲ್ಲಿ ಜನಾಂಗವನ್ನು ಪರಿಗಣಿಸುವ ಆ ಪದ್ಧತಿಯನ್ನೇ ಅಸಾಂವಿಧಾನಿಕ ಎಂದಿತು.

ಆರು ವರ್ಷಗಳ ಅರ್ಜಿಗಳ ದತ್ತಾಂಶವೂ ಅಂಕಗಳೂ ಮುಂದಿದ್ದು, ವರ್ಷಗಟ್ಟಲೆ ಸಮಯವೂ ಇದ್ದ ಇಬ್ಬರು ತಜ್ಞರು ಒಂದೇ ಒಂದು ಅಂಶದ ಪ್ರಭಾವ ಎಷ್ಟು ಎಂಬ ಬಗ್ಗೆ ಒಮ್ಮತಕ್ಕೆ ಬರಲಾಗಲಿಲ್ಲ. ಹೀಗಿರುವಾಗ, ಕೆಲವು ವರ್ಷ ಒಂದು ಪ್ರದೇಶದ ಅರ್ಜಿಗಳನ್ನು ಓದಿದ ಒಬ್ಬರು ‘ಇದಿದ್ದರೆ ಸೀಟು, ಇಲ್ಲದಿದ್ದರೆ ಇಲ್ಲ’ ಎಂದು ಖಡಾಖಂಡಿತವಾಗಿ ಹೇಳಿದರೆ, ಆ ಖಚಿತತೆ ಎಲ್ಲಿಂದ ಬಂತು ಎಂದು ಕೇಳಲೇಬೇಕಾಗುತ್ತದೆ.

ಒಳಗಿದ್ದವರು ತಮ್ಮ ಆಯ್ಕೆಯ ಕಾರಣಗಳನ್ನು ತಾವೇ ತಪ್ಪಾಗಿ ತಿಳಿದಿರುವುದು ಸಾಧ್ಯವೇ ಎಂದು ನೀವು ಕೇಳಬಹುದು. ಖಂಡಿತ ಸಾಧ್ಯ, ಮತ್ತು ಅದಕ್ಕೆ ಅಪ್ರಾಮಾಣಿಕತೆ ಬೇಕಿಲ್ಲ. ರಿಚರ್ಡ್ ನಿಸ್ಬೆಟ್ ಮತ್ತು ಟಿಮತಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಪ್ರಯೋಗವಿದೆ. ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಸ್ಟಾಕಿಂಗ್‌ಗಳನ್ನು ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಎಂದು ಗ್ರಾಹಕರನ್ನು ಕೇಳಿದರು. ನಾಲ್ಕೂ ಒಂದೇ ಮಾಲು. ಜನ ಬಲತುದಿಯದ್ದನ್ನು ಎಡತುದಿಯದ್ದಕ್ಕಿಂತ ಹೆಚ್ಚುಕಡಿಮೆ ನಾಲ್ಕುಪಟ್ಟು ಆರಿಸಿದರು. ಏಕೆ ಎಂದು ಕೇಳಿದರೆ ಇಟ್ಟ ಜಾಗವನ್ನು ಯಾರೂ ಹೆಸರಿಸಲಿಲ್ಲ. ಜಾಗದಿಂದ ಪ್ರಭಾವಿತರಾದಿರೇ ಎಂದು ನೇರವಾಗಿ ಕೇಳಿದಾಗ ಬಹುತೇಕ ಎಲ್ಲರೂ ಅಲ್ಲಗಳೆದರು. ಅವರೆಲ್ಲ ನಿಜವೆಂದು ನಂಬಿಯೇ ಉತ್ತರ ಹೇಳಿದ್ದರು.

ಹಾರ್ವರ್ಡ್‌ನಲ್ಲೂ ಇದಕ್ಕೆ ಹತ್ತಿರದ ಸಂಗತಿಯಿದೆ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ ಸಮಬಲರ ನಡುವೆ ತಕ್ಕಡಿಯನ್ನು ಸ್ವಲ್ಪ ವಾಲಿಸುವಷ್ಟು ಮಾತ್ರ ಎಂಬುದು ಇಂಥ ಕಚೇರಿಗಳು ಬಹುಕಾಲ ಹೇಳಿಕೊಂಡು ಬಂದ ಮಾತು. ಮೊಕದ್ದಮೆಯಲ್ಲಿ ಬಯಲಾದ ಅಂಕಿಗಳ ಪ್ರಕಾರ ಅವರಲ್ಲಿ ಮೂರರಲ್ಲೊಬ್ಬರಿಗೆ ಸೀಟು ಸಿಗುತ್ತಿತ್ತು. ಉಳಿದವರಿಗೆ ನೂರಕ್ಕೆ ಆರು. ಮೇಲೆ ಹೇಳಿದ ನಾಲ್ಕು ವಿಶೇಷ ಗುಂಪುಗಳವರು ಅರ್ಜಿದಾರರಲ್ಲಿ ನೂರಕ್ಕೆ ಐದರಷ್ಟೂ ಇರದಿದ್ದರೂ ಆಯ್ಕೆಯಾದವರಲ್ಲಿ ಸುಮಾರು ಮೂವತ್ತರಷ್ಟಿದ್ದರು. ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಅಂಕವೂ ಚೆನ್ನಾಗಿರುವವರು ಹೆಚ್ಚಿರಬಹುದು ಎಂಬುದನ್ನು ಒಪ್ಪೋಣ. ಆದರೂ 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್ ಮತ್ತು ಜಾನ್ ಫ್ರೀಡ್‌ಮನ್ ಹನ್ನೆರಡು ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಬಗ್ಗೆ ಮಾಡಿದ ಅಧ್ಯಯನ, ಒಂದೇ ಮಟ್ಟದ ಪರೀಕ್ಷಾಂಕವಿರುವ ಮಕ್ಕಳಲ್ಲಿ ಅತಿ ಶ್ರೀಮಂತ ಶೇಕಡಾ ಒಂದರಷ್ಟು ಕುಟುಂಬಗಳವರು ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಅಲ್ಲಿಗೆ ಸೇರುತ್ತಾರೆ ಎಂದು ತೋರಿಸಿತು. ದಿನವೂ ಅರ್ಜಿ ಓದುವವರಿಗೆ ಒಂದೊಂದು ಅರ್ಜಿಯಲ್ಲಿ ‘ಸ್ವಲ್ಪ’ ಎನಿಸಿದ್ದು ಒಟ್ಟು ಮೊತ್ತದಲ್ಲಿ ಇಷ್ಟು ದೊಡ್ಡದಾಗಿತ್ತು.

ಈಗ ನೀವು ಕೇಳಿಸಿಕೊಂಡ ಮಾತುಗಳಿಗೆ ಬರುತ್ತೇನೆ. ನಾಲ್ಕು ನಿಮಿಷದ ಮಾತು ಕೆಲವು ಕಚೇರಿಗಳಲ್ಲಿ ಮೊದಲ ಓದಿನ ಮಟ್ಟಿಗೆ ನಿಜವಿರಬಹುದು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಬಗ್ಗೆ ಅದೇ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ದಾಖಲಾಗಿರುವುದು ಗಂಟೆಗೆ ಸುಮಾರು ಐದು ಅರ್ಜಿ, ಅಂದರೆ ಒಂದಕ್ಕೆ ಹನ್ನೆರಡು ನಿಮಿಷ. ಆದರೆ ನಾಲ್ಕಾಗಲಿ ಹನ್ನೆರಡಾಗಲಿ, ಆ ಸಂಖ್ಯೆಯಿಂದ ನಿಮ್ಮ ಮಗಳು ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಕೇಳುವವರಿಗೆ ಆತಂಕ ಹುಟ್ಟಿಸಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಶಾಲೆಗಿಷ್ಟು ಎಂಬ ಲೆಕ್ಕದ ಮಾತು ಹುಟ್ಟುವ ಬಗೆಯನ್ನು ಊಹಿಸಬಹುದು. ಒಂದು ಪ್ರದೇಶದ ಅರ್ಜಿಗಳನ್ನು ಒಬ್ಬರೇ ಓದುವ ಪದ್ಧತಿ ಹಲವೆಡೆ ಇರುವುದರಿಂದ ಒಂದೇ ಶಾಲೆಯ ಮಕ್ಕಳ ಅರ್ಜಿಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಹೋಲಿಕೆಯೂ ಆಗುತ್ತದೆ. ನೂರಕ್ಕೆ ನಾಲ್ಕೈದು ಜನರಿಗೆ ಮಾತ್ರ ಅವಕಾಶವಿರುವ ಕಡೆ ಒಂದೇ ಶಾಲೆಯಿಂದ ಇಬ್ಬರು ಆಯ್ಕೆಯಾಗುವುದು, ಯಾವ ಮಿತಿ ಇಲ್ಲದಿದ್ದರೂ, ಅಪರೂಪ. ಹಲವು ವರ್ಷ ಇದನ್ನೇ ನೋಡಿದವರಿಗೆ ಕೋಟಾ ಇದ್ದಂತೆ ತೋರುತ್ತದೆ. ಗೆಳತಿ ಅರ್ಜಿ ಹಾಕಿದ್ದಾಳೆಂದು ನಿಮ್ಮ ಮಗಳು ಹಿಂಜರಿಯಬೇಕಾಗಿಲ್ಲ.

ಸೇವಾ ಸಂಸ್ಥೆ, ಸಂಶೋಧನಾ ಲೇಖನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಯ್ಕೆಯಾದವರಲ್ಲಿ ಕೆಲವರು ಅವನ್ನು ಮಾಡಿರುತ್ತಾರೆ. ತಿರಸ್ಕೃತರಾದವರಲ್ಲಿ ಎಷ್ಟು ಜನ ಮಾಡಿದ್ದರು ಎಂಬುದನ್ನು ಯಾರೂ ಎಣಿಸಿ ಹೇಳುವುದಿಲ್ಲ. ಇಲ್ಲಿ ಅಮೆರಿಕದ ಕಾನೂನಿನ ಒಂದು ವಿಚಿತ್ರವೂ ಸೇರಿಕೊಂಡಿದೆ. ಅಲ್ಲಿನ 1974ರ ಶೈಕ್ಷಣಿಕ ದಾಖಲೆಗಳ ಕಾಯ್ದೆಯಂತೆ, ವಿದ್ಯಾರ್ಥಿಯಾಗಿ ಸೇರಿದವರು ಸಂಸ್ಥೆ ಉಳಿಸಿಕೊಂಡಿರುವ ತಮ್ಮ ಪ್ರವೇಶದ ಕಡತವನ್ನು ನೋಡಬಹುದು. ಆಯ್ಕೆಯಾಗದವರಿಗೆ ಆ ಹಕ್ಕಿಲ್ಲ. ಆದ್ದರಿಂದ ಓದುಗರ ಟಿಪ್ಪಣಿಗಳೆಂದು ಹೊರಗೆ ಓಡಾಡುವುದು ಬಹುಮಟ್ಟಿಗೆ ಗೆದ್ದವರ ಕಡತಗಳಿಂದ ಬಂದದ್ದು. ‘ಪ್ರಬಂಧ ಹೃದಯಸ್ಪರ್ಶಿಯಾಗಿದೆ’ ಎಂಬ ಟಿಪ್ಪಣಿ ಸೋತವರ ಕಡತದಲ್ಲೂ ಇತ್ತೇ ಎಂದು ಹೋಲಿಸಿ ನೋಡುವ ದಾರಿ ಮುಚ್ಚಿದೆ.

ನಾನು ಆರಂಭದಲ್ಲಿ ಹೇಳಿದ ಅಪಾಯಕಾರಿ ಸಲಹೆ ವಿಷಯ ಬದಲಿಸಿಕೊಳ್ಳುವುದರ ಕುರಿತಾದದ್ದು. ಎಂಐಟಿ, ಹಾರ್ವರ್ಡ್, ಯೇಲ್‌ಗಳಲ್ಲಿ ಪ್ರವೇಶ ಇಡೀ ಕಾಲೇಜಿಗೆ ಸಿಗುತ್ತದೆ. ವಿಷಯವನ್ನು ಅಲ್ಲಿಗೆ ಹೋದ ಮೇಲೆ ಆರಿಸಿಕೊಳ್ಳುತ್ತಾರೆ. ಆದರೆ ಕಾರ್ನೆಗಿ ಮೆಲನ್ ಮತ್ತು ಇಲಿನಾಯ್ (ಅರ್ಬಾನಾ-ಶಾಂಪೇನ್) ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಪ್ರವೇಶವೇ ಬೇರೆ, ಒಳಗೆ ಹೋದ ಮೇಲೆ ಅದಕ್ಕೆ ಬದಲಾಯಿಸಿಕೊಳ್ಳುವುದು ಬಹಳ ಕಷ್ಟ. ಬರ್ಕ್‌ಲಿಯೂ ಇತ್ತೀಚೆಗೆ ಅದೇ ದಾರಿ ಹಿಡಿದಿದೆ. ನಿಮ್ಮ ಮಗಳು ಮಾನವಶಾಸ್ತ್ರಕ್ಕೆಂದು ಅರ್ಜಿ ಹಾಕಿ ಅಲ್ಲಿಗೆ ಹೋದರೆ ನಾಲ್ಕು ವರ್ಷ ಮಾನವಶಾಸ್ತ್ರವನ್ನೇ ಓದಬೇಕಾಗಿ ಬರಬಹುದು. ಒಂದು ಕಚೇರಿಯ ಅನುಭವವನ್ನು ಎಲ್ಲ ಕಚೇರಿಗಳಿಗೂ ಅನ್ವಯಿಸಿ ಹೇಳಿದರೆ ಆಗುವ ಹಾನಿ ಇಂಥದ್ದು. ಆಸಕ್ತಿಯಿಲ್ಲದ ವಿಷಯದಲ್ಲಿ ಆಸಕ್ತಿ ಇದೆಯೆಂದು ಹದಿನೇಳು ವರ್ಷದ ಹುಡುಗಿಯ ಕೈಯಲ್ಲಿ ಬರೆಸಿ, ಅರ್ಜಿಯಲ್ಲಿರುವುದೆಲ್ಲ ಸತ್ಯ ಎಂಬ ಘೋಷಣೆಗೆ ಸಹಿ ಹಾಕಿಸುವುದು ನನಗೆ ಅದಕ್ಕಿಂತಲೂ ಬೇಸರದ ಸಂಗತಿ.

ಅವರು ಯಾವ ಕುರ್ಚಿಯಲ್ಲಿ ಕೂತಿದ್ದರು ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಅರ್ಜಿಗಳು ರಾಶಿ ಬೀಳುವ ತಿಂಗಳುಗಳಲ್ಲಿ ಮಾತ್ರ ಹೊರಗಿನಿಂದ ಓದುಗರನ್ನು ನೇಮಿಸಿಕೊಳ್ಳುವ ವಿಶ್ವವಿದ್ಯಾಲಯಗಳಿವೆ. ಅವರೂ ಪ್ರವೇಶ ಕಚೇರಿಯಲ್ಲಿ ಕೆಲಸ ಮಾಡಿದವರೇ, ಆದರೆ ಸಮಿತಿಯ ಚರ್ಚೆಯನ್ನು ನೋಡಿರಲಿಕ್ಕಿಲ್ಲ. ವಿದೇಶಿ ಅರ್ಜಿಗಳನ್ನು ಅವರು ಓದುತ್ತಿದ್ದರೇ, ಅಥವಾ ಅಮೆರಿಕದೊಳಗಿನ ಒಂದೆರಡು ರಾಜ್ಯಗಳ ಅರ್ಜಿಗಳನ್ನೇ? ಯಾವ ವರ್ಷ ಬಿಟ್ಟರು? 2020ರಲ್ಲಿ ಕೋವಿಡ್‌ ಕಾರಣಕ್ಕೆ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಹಲವೆಡೆ ಐಚ್ಛಿಕವಾಯಿತು. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಯೇಲ್, ಹಾರ್ವರ್ಡ್ 2024ರಲ್ಲಿ ಮತ್ತೆ ಪರೀಕ್ಷಾಂಕ ಕಡ್ಡಾಯವೆಂದವು. ನಡುವೆ 2023ರ ತೀರ್ಪು ಬಂತು. 2019ರಲ್ಲಿ ಕೆಲಸ ಬಿಟ್ಟವರು ಹೇಳುವುದು ಬಹುಮಟ್ಟಿಗೆ ಈಗಿಲ್ಲದ ಪದ್ಧತಿಯ ಮಾತು.

ಅವರ ಸಂಸ್ಥೆಯ ಯಶಸ್ಸಿನ ಶೇಕಡಾವಾರನ್ನೂ ತೋರಿಸುತ್ತಾರೆ. ಹಾರ್ವರ್ಡ್‌ಗೆ ಇತ್ತೀಚಿನ ಒಂದು ವರ್ಷ ಅರವತ್ತು ಸಾವಿರಕ್ಕೂ ಹೆಚ್ಚು ಅರ್ಜಿ ಬಂದು ಎರಡು ಸಾವಿರಕ್ಕಿಂತ ಕಡಿಮೆ ಜನರಿಗೆ ಪ್ರವೇಶ ಸಿಕ್ಕಿತು. ಬಂದವರಿಗೆಲ್ಲ ‘ನಿಮಗೆ ಸಿಗುವುದಿಲ್ಲ’ ಎಂದು ಹೇಳುವವರೂ ನೂರರಲ್ಲಿ ತೊಂಬತ್ತಾರು ಸಲ ಸರಿಯಾಗುತ್ತಾರೆ, ಅವರಿಗೆ ಯಾವ ಒಳಗುಟ್ಟೂ ತಿಳಿದಿರಬೇಕಿಲ್ಲ. ಪ್ರತಿಭಾವಂತರನ್ನು ಮಾತ್ರ ಆರಿಸಿ ಸೇರಿಸಿಕೊಳ್ಳುವ ಸಲಹಾ ಸಂಸ್ಥೆಯ ಪಟ್ಟಿಯಲ್ಲಿ ಒಳ್ಳೆಯ ಹೆಸರುಗಳಿರುವುದು ಸಹಜ. ಸಲಹೆಯಿಲ್ಲದೆ ಅದೇ ಮಕ್ಕಳಿಗೆ ಏನಾಗುತ್ತಿತ್ತು ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ.

ಒಳಗಿನವರ ಮಾತನ್ನೆಲ್ಲ ಒಂದೇ ತೂಕದಲ್ಲಿ ತಳ್ಳಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ 2022ರ ಫೆಬ್ರುವರಿಯಲ್ಲಿ ತಮ್ಮದೇ ವಿಶ್ವವಿದ್ಯಾಲಯ ರ‍್ಯಾಂಕಿಂಗ್‌ಗೆ ಕೊಟ್ಟ ಅಂಕಿಅಂಶಗಳು ಸರಿಯಿಲ್ಲವೆಂದು ಬರೆದರು. ಪದವಿ ತರಗತಿಗಳಲ್ಲಿ ಶೇಕಡಾ 82.5ರಷ್ಟರಲ್ಲಿ ಇಪ್ಪತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದಾರೆ ಎಂದು ವಿಶ್ವವಿದ್ಯಾಲಯ ಹೇಳಿಕೊಂಡಿತ್ತು. ಅವರು ಸಾರ್ವಜನಿಕವಾಗಿ ಲಭ್ಯವಿದ್ದ ತರಗತಿಗಳ ಪಟ್ಟಿಯನ್ನೇ ಎಣಿಸಿ, ಅದು ಸುಮಾರು 63ರಿಂದ 67ರ ನಡುವೆ ಇದೆಯೆಂದು ತೋರಿಸಿದರು. ಆ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯ ತಪ್ಪನ್ನು ಒಪ್ಪಿಕೊಂಡಿತು, ಎರಡನೇ ಸ್ಥಾನದಿಂದ ಹದಿನೆಂಟಕ್ಕೆ ಇಳಿಯಿತು. ಥ್ಯಾಡಿಯಸ್ ಒಳಗಿನವರು ನಿಜ, ಆದರೆ ಅವರ ಮಾತು ನಿಂತಿದ್ದದ್ದು ಯಾರು ಬೇಕಾದರೂ ಮತ್ತೆ ಎಣಿಸಿ ನೋಡಬಹುದಾದ ಪಟ್ಟಿಯ ಮೇಲೆ. ನಿಮ್ಮ ಸಭೆಯಲ್ಲಿ ಕೇಳಿದ ಮಾತುಗಳಲ್ಲಿ ಹೀಗೆ ಪರೀಕ್ಷಿಸಬಹುದಾದದ್ದು ಎಷ್ಟಿತ್ತು ಎಂದು ಯೋಚಿಸಿ ನೋಡಿ. ಇನ್ನು, ನಿಜವಾಗಿಯೂ ಫಲ ಕೊಡುವ ಗುಪ್ತ ದಾರಿ ಇದೆಯೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ರಿಕ್ ಸಿಂಗರ್ ಎಂಬ ಸಲಹೆಗಾರ ತಾನು ‘ಪಕ್ಕದ ಬಾಗಿಲು’ ತೆರೆಸುತ್ತೇನೆ ಎನ್ನುತ್ತಿದ್ದ. ಕ್ರೀಡಾ ತರಬೇತುದಾರರಿಗೆ ಲಂಚ, ಪರೀಕ್ಷೆಯಲ್ಲಿ ಮೋಸ ಅದರ ಬಂಡವಾಳವಾಗಿತ್ತು. 2019ರ ಮಾರ್ಚ್‌ನಲ್ಲಿ ಐವತ್ತು ಜನರ ಮೇಲೆ ಆರೋಪ ಹೊರಿಸಲಾಯಿತು, ಅವರಲ್ಲಿ ಹಲವರು ತಂದೆತಾಯಂದಿರು.

ನಿಮ್ಮ ಪತ್ರದಲ್ಲಿರುವ ಅತಿ ಮುಖ್ಯವಾದ ವಾಕ್ಯ ಹಣಕಾಸಿನ ನೆರವಿನ ಕುರಿತಾದದ್ದು, ಆದರೆ ಆ ಸಭೆಯಲ್ಲಿ ಅದರ ಬಗ್ಗೆ ಏನಾದರೂ ಹೇಳಿದರೆಂದು ನೀವು ಬರೆದಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್ ಮೊದಲಾದ ಬೆರಳೆಣಿಕೆಯ ಸಂಸ್ಥೆಗಳು ವಿದೇಶಿ ಅರ್ಜಿದಾರರು ನೆರವು ಕೇಳಿದರೇ ಇಲ್ಲವೇ ಎಂಬುದನ್ನು ಆಯ್ಕೆಯಲ್ಲಿ ಗಣಿಸುವುದಿಲ್ಲವೆಂದು ಬಹಿರಂಗವಾಗಿ ಹೇಳಿಕೊಂಡಿವೆ. ಉಳಿದ ಬಹುತೇಕ ಕಡೆ ಅದು ಗಣನೆಗೆ ಬರುತ್ತದೆ, ಮತ್ತು ಅದನ್ನೂ ಅವರು ಮುಚ್ಚಿಟ್ಟಿಲ್ಲ. ನಿಮ್ಮ ಮಗಳ ಮಟ್ಟಿಗೆ ಯಾವ ಒಳಗುಟ್ಟಿಗಿಂತಲೂ ಈ ಒಂದು ವಿವರದ ತೂಕ ಹೆಚ್ಚು.

ಆದ್ದರಿಂದ ಹಣ ಕಟ್ಟುವ ಮೊದಲು ಮಗಳನ್ನು ಜೊತೆಗೆ ಕೂರಿಸಿಕೊಂಡು ಒಂದು ಕೆಲಸ ಮಾಡಿ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ‘ಕಾಮನ್ ಡೇಟಾ ಸೆಟ್’ ಎಂಬ ಒಂದೇ ಮಾದರಿಯ ದಾಖಲೆಯನ್ನು ಪ್ರತಿವರ್ಷ ತಮ್ಮ ಜಾಲತಾಣದಲ್ಲಿ ಉಚಿತವಾಗಿ ಪ್ರಕಟಿಸುತ್ತವೆ. ಅದರ ಸಿ7 ಎಂಬ ಭಾಗದಲ್ಲಿ ಅಂಕ, ಪ್ರಬಂಧ, ಶಿಫಾರಸು, ಹಳೆಯ ವಿದ್ಯಾರ್ಥಿಗಳ ಸಂಬಂಧ ಇವುಗಳಲ್ಲಿ ಯಾವುದನ್ನು ಎಷ್ಟು ಮುಖ್ಯವೆಂದು ಪರಿಗಣಿಸುತ್ತೇವೆ ಎಂದು ಸಂಸ್ಥೆಯೇ ಗುರುತು ಹಾಕಿರುತ್ತದೆ. ಅದು ಸಂಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತಾದ್ದರಿಂದ ಅದನ್ನೂ ಪೂರ್ತಿ ನಂಬಬೇಕಿಲ್ಲ. ಎಚ್6 ಎಂಬ ಭಾಗ ಅದಕ್ಕಿಂತ ಗಟ್ಟಿ: ಎಷ್ಟು ವಿದೇಶಿ ಪದವಿ ವಿದ್ಯಾರ್ಥಿಗಳಿಗೆ ಸಂಸ್ಥೆ ನೆರವು ಕೊಟ್ಟಿತು, ಸರಾಸರಿ ಎಷ್ಟು ಡಾಲರ್ ಕೊಟ್ಟಿತು ಎಂಬುದು ಅಲ್ಲಿ ಅಂಕಿಯಲ್ಲಿರುತ್ತದೆ. ಆ ಸರಾಸರಿಯನ್ನು ವರ್ಷದ ಒಟ್ಟು ಖರ್ಚಿನಿಂದ ಕಳೆದಾಗ ಉಳಿಯುವ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ, ನಿಮ್ಮ ಕೈಗೆಟುಕದ ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಿ. ಉಳಿದ ಹೆಸರುಗಳ ಪಟ್ಟಿಯನ್ನು ನನಗೆ ಕಳುಹಿಸಿದರೆ, ಅವುಗಳಲ್ಲಿ ಯಾವುದರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ನೇರವಾಗಿ ಅರ್ಜಿ ಹಾಕಬೇಕು, ಯಾವುದರಲ್ಲಿ ಆಮೇಲೆ ಆರಿಸಿಕೊಳ್ಳಬಹುದು ಎಂಬುದನ್ನು ನೋಡಿ ತಿಳಿಸುತ್ತೇನೆ.